ರೋಡ್ಸ್ ಪಿಯಾನೊದ ಶ್ರುತಿ: ಸ್ಪ್ರಿಂಗ್ ಮುಟ್ಟುವ ಮೊದಲು

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಹಳೆಯ ರೋಡ್ಸ್ ಮಾರ್ಕ್ ಒನ್ ಸ್ಟೇಜ್ 73 ಎಲೆಕ್ಟ್ರಿಕ್ ಪಿಯಾನೊ ಕೊಂಡಿದ್ದೇನೆ. ಒಳಗೆ 3076 ಎಂಬ ಮುದ್ರೆ ಇದೆ. ನಡುವಿನ ಸ್ವರಗಳು ಪರವಾಗಿಲ್ಲ. ಮೇಲಿನ ಒಂದೂವರೆ ಆಕ್ಟೇವ್‌ನಲ್ಲಿ ಕೆಲವು ಸ್ವರ 20–25 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಏರಿವೆ, ಕೆಲವು ಅಷ್ಟೇ ಇಳಿದಿವೆ. ನಡುವಿನ ಒಂದು ಡಿ ಸ್ವರವನ್ನು ಸರಿಮಾಡಿದರೆ ಎರಡೇ ದಿನಕ್ಕೆ ಮತ್ತೆ ಇಳಿಯುತ್ತದೆ. ತೀರಾ ಕೆಳಗಿನ ಇ ಒತ್ತಿದರೆ ಒಂದು ಆಕ್ಟೇವ್ ಮೇಲಿನ ಸ್ವರವೇ ಜೋರಾಗಿ ಕೇಳುತ್ತದೆ. ಹಾರ್ಮೋನಿಯಂ ರಿಪೇರಿ ಬಲ್ಲ ಸಂಬಂಧಿಕರೊಬ್ಬರು, ಕಡ್ಡಿಯ ತುದಿಗೆ ಅರ ಹಾಕಿ ಉಜ್ಜು ಅನ್ನುತ್ತಾರೆ. ಉಜ್ಜಲೇ? ಎ ಸ್ವರವನ್ನು ವಾಡಿಕೆಯ 440 ಹರ್ಟ್ಸ್ ಬದಲು 432ಕ್ಕೆ ಇಟ್ಟು ಶ್ರುತಿ ಮಾಡಬಹುದೇ? ಮುಂದಿನ ವರ್ಷ ಇದನ್ನು ಮೈಸೂರಿಗೆ ಸಾಗಿಸುವ ಯೋಚನೆಯೂ ಇದೆ.

ಉತ್ತರ: ಅರವನ್ನು ಮೊದಲು ಪೆಟ್ಟಿಗೆಗೆ ಹಾಕಿಡಿ. ನಿಮ್ಮ ಸಂಬಂಧಿಕರು ಹೇಳಿದ್ದು ಹಾರ್ಮೋನಿಯಂಗೆ ಸರಿ. ಹಿತ್ತಾಳೆ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ವುರ್ಲಿಟ್ಜರ್ ಎಂಬ ಇನ್ನೊಂದು ಎಲೆಕ್ಟ್ರಿಕ್ ಪಿಯಾನೊಗೂ ಇದು ಸುಮಾರಾಗಿ ಹೊಂದುತ್ತದೆ. ಅದರಲ್ಲಿ ಉಕ್ಕಿನ ರೀಡಿನ ತುದಿಗೆ ಬೆಸುಗೆಯ ಸೀಸದ ಗುಡ್ಡೆ ಇರುತ್ತದೆ. ಅದನ್ನು ಉಜ್ಜಿದರೆ ಸ್ವರ ಏರುತ್ತದೆ, ಸೀಸ ಸೇರಿಸಿದರೆ ಇಳಿಯುತ್ತದೆ. ರೋಡ್ಸ್‌ನಲ್ಲಿ ಉಜ್ಜುವ ಕೆಲಸವೇ ಇಲ್ಲ. ಇಲ್ಲಿ ಪ್ರತಿ ಸ್ವರಕ್ಕೂ ಟೈನ್ ಎಂಬ ಸಣ್ಣ ಉಕ್ಕಿನ ಕಡ್ಡಿ ಇದೆ. ಅದರ ಮೇಲೆ ಬಿಗಿಯಾಗಿ ಸುತ್ತಿಕೊಂಡ ಪುಟ್ಟ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಅನ್ನು ಕಡ್ಡಿಯ ತುದಿಯತ್ತ ಸರಿಸಿದರೆ ಸ್ವರ ಇಳಿಯುತ್ತದೆ, ಬುಡದತ್ತ ಸರಿಸಿದರೆ ಏರುತ್ತದೆ. ಶ್ರುತಿ ಮಾಡುವುದೆಂದರೆ ಇಷ್ಟೇ. ಆದರೆ ನೀವು ಬರೆದ ದೂರುಗಳಲ್ಲಿ ಸ್ಪ್ರಿಂಗ್ ಸರಿಸಿದ ಮಾತ್ರಕ್ಕೆ ತೀರುವುದು ಮೇಲಿನ ಸ್ವರಗಳದ್ದು ಮಾತ್ರ, ಅದೂ ಭಾಗಶಃ. ಈ ವಾದ್ಯದಲ್ಲಿ ಶ್ರುತಿ ಯಾವತ್ತೂ ಕೊನೆಯ ಕೆಲಸ. ಅದಕ್ಕೂ ಮೊದಲಿನ ನಾಲ್ಕೈದು ಹೊಂದಾಣಿಕೆಗಳು ನಿಲ್ಲದಿದ್ದರೆ ಮಾಡಿದ ಶ್ರುತಿಯೂ ನಿಲ್ಲುವುದಿಲ್ಲ.

ಮುದ್ರೆಯ ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಅಂದರೆ ನಿಮ್ಮದು 1976ರ 30ನೇ ವಾರದ್ದು. ಸ್ಟೇಜ್ ಮಾದರಿಯಾದ್ದರಿಂದ ಒಳಗೆ ಆಂಪ್ಲಿಫೈಯರ್ ಇಲ್ಲ, ಕರೆಂಟ್ ಬೇಕಿಲ್ಲ, ಶಾಕ್ ಹೊಡೆಯುವ ಭಯವಿಲ್ಲ. ವುರ್ಲಿಟ್ಜರ್ ಬಿಚ್ಚುವವರಿಗೆ ಆ ನೆಮ್ಮದಿ ಇಲ್ಲ. 200ಎ ಮಾದರಿಯಲ್ಲಿ ಪಿಕಪ್ ಸುತ್ತ ನೂರೈವತ್ತು ವೋಲ್ಟ್ ಆಸುಪಾಸು ಇರುತ್ತದೆ.

ಮುಚ್ಚಳ ತೆಗೆದರೆ ಮೇಲೆ ಅಡ್ಡಲಾಗಿ ಕೂತಿರುವ ಚೌಕಟ್ಟೇ ಹಾರ್ಪ್. ಸಾಲಾಗಿ ಕಾಣುವ ದಪ್ಪ ಲೋಹದ ಪಟ್ಟಿಗಳು ಟೋನ್ ಬಾರ್‌ಗಳು. ಪ್ರತಿ ಟೋನ್ ಬಾರಿನ ಕೆಳಗೆ, ಒಂದು ಲೋಹದ ಬ್ಲಾಕಿಗೆ ಒತ್ತಿ ಕೂರಿಸಿದ ಟೈನ್ ಇದೆ. ಹೆರಾಲ್ಡ್ ರೋಡ್ಸ್ ಅವರ ಕಲ್ಪನೆ ಇದರಲ್ಲೇ ಇದೆ: ಟೈನ್ ಒಂದು ಕಾಲು, ಟೋನ್ ಬಾರ್ ಇನ್ನೊಂದು ಕಾಲು ಆಗಿರುವ, ಎರಡು ಕಾಲೂ ಸಮವಿಲ್ಲದ ಟ್ಯೂನಿಂಗ್ ಫೋರ್ಕ್. ಹ್ಯಾಮರ್ ಹೊಡೆಯುವುದು ಟೈನಿಗೆ. ನಾದ ಉಳಿಯುವುದು ಟೋನ್ ಬಾರಿನ ಸಹಕಾರದಿಂದ. ಟೈನ್ ತುದಿಯ ಎದುರಿಗಿರುವ ಪಿಕಪ್ ಆ ಅಲುಗಾಟವನ್ನು ವಿದ್ಯುತ್ತಿಗೆ ಬದಲಿಸುತ್ತದೆ.

ಈ ಜೋಡಣೆ ಹಾರ್ಪಿನ ಮೇಲೆ ತೇಲುತ್ತಿರಬೇಕು. ಒಂದೊಂದು ಟೋನ್ ಬಾರಿಗೂ ಎರಡು ಸ್ಕ್ರೂ, ಪ್ರತಿ ಸ್ಕ್ರೂಗೆ ಒಂದು ಸ್ಪ್ರಿಂಗ್ (ಇದು ಶ್ರುತಿಯ ಸ್ಪ್ರಿಂಗ್ ಅಲ್ಲ, ಬೇರೆ), ಒಂದು ಗ್ರಾಮೆಟ್, ಅಂದರೆ ರಬ್ಬರಿನ ಪುಟ್ಟ ಬಳೆ. 73 ಕೀಗಳಿಗೆ 146 ಗ್ರಾಮೆಟ್. ಸುಮಾರು ಐವತ್ತು ವರ್ಷದ ರಬ್ಬರ್ ಈ ಹೊತ್ತಿಗೆ ಕಲ್ಲಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ: ಉಗುರು ಕಚ್ಚದಿದ್ದರೆ, ಅಥವಾ ರಬ್ಬರ್ ಬಿರುಕು ಬಿಟ್ಟು ಪುಡಿ ಉದುರಿದರೆ, ಇಡೀ ಸೆಟ್ ಬದಲಿಸುವುದೇ ಮೇಲು. ಗಟ್ಟಿಯಾದ ಗ್ರಾಮೆಟ್ ಟೈನಿನ ಶಕ್ತಿಯನ್ನು ಮರಕ್ಕೆ ಇಳಿಸಿಬಿಡುತ್ತದೆ. ನಾದ ಗಿಡ್ಡವಾಗುತ್ತದೆ, ಟ್ಯೂನರಿನ ಸೂಚಕ ನಿಲ್ಲುವ ಮೊದಲೇ ಸ್ವರ ಅಡಗುತ್ತದೆ. ಸ್ಕ್ರೂಗಳನ್ನು ಬಿಗಿಯಾಗುವವರೆಗೆ ತಿರುಗಿಸುವ ಚಟವನ್ನೂ ಬಿಡಬೇಕು. ಸ್ಕ್ರೂವಿನ ಸ್ಪ್ರಿಂಗ್ ಪೂರ್ತಿ ಅಮುಕಿ ಹೋದರೆ ಗ್ರಾಮೆಟ್ ಹೊಸದಾಗಿದ್ದರೂ ಫಲ ಒಂದೇ.

ಆ ಎರಡು ಸ್ಕ್ರೂಗಳಿಂದ ಆಗುವ ಕೆಲಸ ಎರಡು. ಎರಡನ್ನೂ ಒಂದೇ ದಿಕ್ಕಿಗೆ ಒಂದೇ ಅಳತೆ ತಿರುಗಿಸಿದರೆ ಇಡೀ ಜೋಡಣೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಹ್ಯಾಮರಿಗೂ ಟೈನಿಗೂ ನಡುವಿನ ಅಂತರ ಹೀಗೆ ಹೊಂದುತ್ತದೆ. ಕೀಯನ್ನು ಮೆಲ್ಲಗೆ ತಳದವರೆಗೆ ಒತ್ತಿ ಹಿಡಿದಾಗ ಹ್ಯಾಮರ್ ಟೈನಿಗೆ ತಾಗಿ ನಿಲ್ಲಬಾರದು. ಬೇಸ್ ಕಡೆ ಟೈನ್ ಹೆಚ್ಚು ತೂಗಾಡುವುದರಿಂದ ಅಂತರ ಜಾಸ್ತಿ ಬೇಕು, ಟ್ರೆಬಲ್ ಕಡೆ ಹೋದಂತೆ ಕಡಿಮೆ ಸಾಕು. ಒಂದು ಸ್ಕ್ರೂವನ್ನು ಮಾತ್ರ ತಿರುಗಿಸಿದರೆ ಜೋಡಣೆ ವಾಲುತ್ತದೆ, ಟೈನಿನ ತುದಿ ಪಿಕಪ್ ಎದುರು ಮೇಲೆ ಕೆಳಗೆ ಆಗುತ್ತದೆ. ದನಿಯ ಬಣ್ಣ ಬದಲಾಗುವುದು ಇದರಿಂದ. ನಿಮ್ಮ ಕೆಳಗಿನ ಇ ಸ್ವರದ ರೋಗವೂ ಇದೇ.

ಟೈನ್ ತುದಿ ಪಿಕಪ್ಪಿನ ಮೂತಿಯ ನಟ್ಟನಡುವಿಗೆ ನಿಂತಿದೆ ಎನ್ನಿ. ಅದು ಮೇಲೆ ಹೋದಾಗ ಮೂತಿಯಿಂದ ದೂರ, ಕೆಳಗೆ ಬಂದಾಗಲೂ ಅಷ್ಟೇ ದೂರ. ಒಂದು ಸಲ ಪೂರ್ತಿ ತೂಗುವಷ್ಟರಲ್ಲಿ ಎರಡು ಸಲ ಮೂತಿಯನ್ನು ಹಾಯುತ್ತದೆ. ಪಿಕಪ್ ಅದನ್ನು ಇಮ್ಮಡಿ ಕಂಪನವೆಂದೇ ಓದುತ್ತದೆ. ನಿಮ್ಮ ಮೊದಲ ಕೀ 41.2 ಹರ್ಟ್ಸ್, ಹೊರಗೆ ಬರುವುದು 82.4. ಟೈನಿನ ಶ್ರುತಿ ಕೆಟ್ಟಿಲ್ಲ, ಸ್ಪ್ರಿಂಗ್ ಸರಿಸಿದರೆ ಇದು ಹೋಗುವುದೂ ಇಲ್ಲ. ಕೀಯನ್ನು ಮತ್ತೆ ಮತ್ತೆ ಮಧ್ಯಮ ಒತ್ತಡದಲ್ಲಿ ಬಾರಿಸುತ್ತಾ ಒಂದು ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ, ತುದಿ ನಡುಗೆರೆಗಿಂತ ಚೂರು ಮೇಲೆ ಬರುವಂತೆ ಮಾಡಿ. ಮೂಲಸ್ವರ ತುಂಬಿಕೊಂಡು ಬರುವ ಜಾಗ ಕಿವಿಗೆ ತಾನೇ ಗೊತ್ತಾಗುತ್ತದೆ. ಅಲ್ಲಿಂದ ಇನ್ನೂ ಮೇಲೆ ಹೋದರೆ ಸ್ವರ ದುಂಡಗಾಗುತ್ತದೆ, ಆದರೆ ಜೋರಾಗಿ ಹೊಡೆದಾಗ ಬರಬೇಕಾದ ಆ ಗುರುಗುಟ್ಟುವಿಕೆ ಹೋಗುತ್ತದೆ. ಇದು ಅವರವರ ರುಚಿ. ಅಕ್ಕಪಕ್ಕದ ಕೀಗಳ ದನಿಯ ಬಣ್ಣ ಒಂದೇ ಇರಬೇಕು ಎನ್ನುವುದೊಂದೇ ನಿಯಮ.

ಮುಂದಿನದು ಪಿಕಪ್ ಅಂತರ. ಪಿಕಪ್ ಹಿಡಿದಿರುವ ಸ್ಕ್ರೂ ಸಡಿಲಿಸಿದರೆ ಅದು ಹಿಂದೆ ಮುಂದೆ ಜಾರುತ್ತದೆ. ಬೇಸ್ ಮತ್ತು ನಡುಭಾಗದಲ್ಲಿ ಟೈನ್ ತುದಿಯಿಂದ ಸುಮಾರು ಒಂದೂವರೆ ಮಿಲಿಮೀಟರ್, ಮೇಲಿನ ಸ್ವರಗಳಲ್ಲಿ ಸುಮಾರು ಅದರ ಅರ್ಧದಿಂದ ಶುರುಮಾಡಿ, ಬಳಿಕ ದನಿಯ ಮಟ್ಟ ಸಮ ಬರುವಂತೆ ಹೊಂದಿಸಿ. ಇಲ್ಲಿ ಕೈ ಜಾರದಂತೆ ನೋಡಿಕೊಳ್ಳಿ. ಪಿಕಪ್ ಕಾಯಿಲಿನಿಂದ ಹೊರಬಂದು ಟರ್ಮಿನಲ್ಲಿಗೆ ಬೆಸೆದುಕೊಂಡಿರುವ ತಂತಿ ಕೂದಲಿನಷ್ಟು ಸಪೂರ. ಸ್ಕ್ರೂಡ್ರೈವರ್ ಒಮ್ಮೆ ತಾಗಿದರೆ ಆ ಸ್ವರ ಸತ್ತಿತು. ಒಂದು ಪಿಕಪ್ಪಿನ ರೋಧ ಸುಮಾರು 180–190 ಓಮ್. ಪಿಕಪ್‌ಗಳನ್ನು ಗುಂಪುಗುಂಪಾಗಿ ಸಮಾಂತರವಾಗಿ ಜೋಡಿಸಿರುವುದರಿಂದ, ಒಂದು ಕಡೆಯ ಬೆಸುಗೆ ಬಿಡಿಸಿಕೊಂಡೇ ಅಳೆಯಬೇಕು. ಇಲ್ಲವಾದರೆ ಮೀಟರ್ ಪಕ್ಕದವುಗಳನ್ನೂ ಸೇರಿಸಿ ಕಡಿಮೆ ತೋರಿಸುತ್ತದೆ, ಸತ್ತ ಪಿಕಪ್ಪನ್ನೂ ಬದುಕಿದೆ ಅನ್ನುತ್ತದೆ.

ಪಿಕಪ್ ಅಂತರವನ್ನು ಶ್ರುತಿಗಿಂತ ಮೊದಲೇ ಮುಗಿಸಬೇಕೆನ್ನಲು ಕಾರಣವಿದೆ. ಪಿಕಪ್ಪಿನಲ್ಲಿ ಇರುವುದು ಅಯಸ್ಕಾಂತ. ಅದು ಟೈನನ್ನು ತನ್ನತ್ತ ಎಳೆಯುತ್ತದೆ. ಹತ್ತಿರವಾದಷ್ಟೂ ಸ್ವರ ಚೂರು ಇಳಿಯುತ್ತದೆ. ತೀರಾ ಹತ್ತಿರವಾದರೆ ಟೈನ್ ಮೇಲೆ ಕೆಳಗೆ ತೂಗುವ ವೇಗ ಒಂದು, ಅಕ್ಕಪಕ್ಕ ತೂಗುವ ವೇಗ ಇನ್ನೊಂದು ಆಗಿ, ಒಂದೇ ಕಡ್ಡಿಯಿಂದ ಎರಡು ಸ್ವರ ಬಂದಂತೆ ವಾಂವ್‌ ವಾಂವ್ ಎಂದು ಅಲೆಯಾಡುತ್ತದೆ. ಟ್ಯೂನರಿನಲ್ಲಿ ಸೂಚಕ ನಿಲ್ಲದೆ ತೂಗಾಡುವ ಸ್ವರ ಕಂಡರೆ ಸ್ಪ್ರಿಂಗ್ ಬಿಡಿ, ಪಿಕಪ್ಪನ್ನು ಅರ್ಧ ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಿ. ಅಲೆಯಾಟ ಹೋಗದಿದ್ದರೆ ಬ್ಲಾಕ್ ಮತ್ತು ಟೋನ್ ಬಾರ್ ಸೇರಿಸುವ ಬೋಲ್ಟ್ ಸಡಿಲವಾಗಿದೆಯೇ ನೋಡಿ.

ಈಗ ಆ ಡಿ ಸ್ವರ. ಎರಡು ದಿನಕ್ಕೇ ಇಳಿಯುತ್ತದೆ ಎಂದರೆ ಕಾರಣ ಮೂರರಲ್ಲಿ ಒಂದು: ಸ್ಪ್ರಿಂಗ್ ಸಡಿಲವಾಗಿ ತುದಿಯತ್ತ ಜಾರುತ್ತಿದೆ, ಬ್ಲಾಕಿನ ಬೋಲ್ಟ್ ಸಡಿಲ, ಅಥವಾ ಟೈನ್ ಬುಡದಲ್ಲಿ ಬಿರುಕು ಬಿಟ್ಟಿದೆ. ಕಂಡುಹಿಡಿಯುವುದು ಸುಲಭ. ಸ್ವರ ಸರಿಮಾಡಿ, ಸ್ಪ್ರಿಂಗಿನ ಒಳ ಅಂಚಿಗೆ ಸರಿಯಾಗಿ ಟೈನಿನ ಮೇಲೆ ಸಪೂರ ಮಾರ್ಕರಿನಿಂದ ಗೆರೆ ಎಳೆಯಿರಿ. ಎರಡು ದಿನ ನುಡಿಸಿ. ಗೆರೆಗೂ ಸ್ಪ್ರಿಂಗಿಗೂ ನಡುವೆ ಜಾಗ ಬಿದ್ದಿದ್ದರೆ ಸ್ಪ್ರಿಂಗಿನದೇ ತಪ್ಪು, ಹೊಸದು ಹಾಕಿ. ಹಾಕುವಾಗ ಸುರುಳಿ ಬಿಚ್ಚಿಕೊಳ್ಳುವ ದಿಕ್ಕಿಗೆ ತಿರುಗಿಸುತ್ತಾ ತಳ್ಳಿದರೆ ಸಲೀಸಾಗಿ ಏರುತ್ತದೆ. ಟೈನಿಗೆ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಸೋಕಿಸಬೇಡಿ. ಜಾರುವ ಸ್ಪ್ರಿಂಗುಗಳ ಹಿಂದೆ ಎಷ್ಟೋ ಸಲ ಇರುವುದು ಅದೇ.

ಗೆರೆ ಇದ್ದಲ್ಲೇ ಇದ್ದು ಸ್ವರ ಇಳಿದಿದ್ದರೆ ಬೋಲ್ಟ್ ಪರೀಕ್ಷಿಸಿ. ಅದೂ ಬಿಗಿಯಾಗಿದ್ದರೆ ಟೈನಿನ ಆಯುಸ್ಸು ಮುಗಿದಿದೆ. ಟೈನುಗಳು ಮುರಿಯುವುದು ಬಹುತೇಕ ಬ್ಲಾಕಿನ ಬಾಯಿಯ ಹತ್ತಿರ. ಮುರಿಯುವ ಮೊದಲು ದಿನದಿಂದ ದಿನಕ್ಕೆ ಸ್ವರ ಇಳಿಯುತ್ತದೆ, ನಾದ ಮೊಂಡಾಗುತ್ತದೆ, ಘಂಟೆಯ ಗುಣ ಹೋಗುತ್ತದೆ. ಅಂಥದ್ದನ್ನು ಶ್ರುತಿ ಮಾಡುತ್ತಾ ಕೂರುವುದು ವ್ಯರ್ಥ.

ಹೊಸ ಟೈನ್ ಬ್ಲಾಕ್ ಸಮೇತ ಬರುತ್ತದೆ, ಉದ್ದವಾಗಿಯೇ ಬರುತ್ತದೆ. ಸ್ವರಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದು, ನಡುಭಾಗದ ಡಿ ಸ್ವರವಾದರೆ ಒಂದು ಮಿಲಿಮೀಟರ್ ಉದ್ದ ಬಿಟ್ಟು ಕತ್ತರಿಸಿ, ವಾದ್ಯಕ್ಕೆ ಹಾಕಿ ಕೇಳಿ, ಆಮೇಲೆ ಬೇಕಾದಷ್ಟು ಕಡಿಮೆ ಮಾಡಿ. ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು. ಉಕ್ಕು ತುಂಬಾ ಗಟ್ಟಿ. ಮನೆಯ ಕಟಿಂಗ್ ಪ್ಲೇಯರ್ ಹಾಕಿದರೆ ಪ್ಲೇಯರಿನ ಬಾಯಿಗೇ ಗಾಯ. ಕಟಿಂಗ್ ಡಿಸ್ಕ್ ಇರುವ ಸಣ್ಣ ರೋಟರಿ ಯಂತ್ರ ಬೇಕು, ಕಣ್ಣಿಗೆ ಕನ್ನಡಕ ಬೇಕು. ಕಡ್ಡಿ ನೀಲಿಗಟ್ಟುವಷ್ಟು ಕಾಯಬಾರದು, ನಡುನಡುವೆ ನಿಲ್ಲಿಸಿ. ಹೊಸ ಟೈನ್ ಮೊದಲ ಕೆಲವು ದಿನ ಕದಲುತ್ತದೆ, ವಾರ ಬಿಟ್ಟು ಮತ್ತೊಮ್ಮೆ ಶ್ರುತಿ ನೋಡಿ.

ಉದ್ದದ ವಿಷಯ ಯಾಕೆ ಇಷ್ಟು ಸೂಕ್ಷ್ಮ ಎಂದರೆ, ಒಂದು ತುದಿ ಹಿಡಿದ ಕಡ್ಡಿಯ ಕಂಪನ ಅದರ ಉದ್ದದ ವರ್ಗಕ್ಕೆ ವಿಲೋಮ. ಉದ್ದದಲ್ಲಿ ಶೇಕಡಾ ಅರ್ಧ ಕಡಿಮೆಯಾದರೆ ಕಂಪನ ಶೇಕಡಾ ಒಂದು ಏರುತ್ತದೆ; ಅದು 17 ಸೆಂಟ್. ನಿಮ್ಮ ವಾದ್ಯದ ಮೇಲ್ತುದಿಯ ಟೈನ್ ಎರಡು ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಹೋದರೆ ಆ 17 ಸೆಂಟ್ ಹೋಯಿತು. ಹದಿನೈದು ಸೆಂಟಿಮೀಟರ್ ಉದ್ದದ ಬೇಸ್ ಟೈನಿನಲ್ಲಿ ಅದೇ ಕಡಿತಕ್ಕೆ ಎರಡೇ ಸೆಂಟ್ ಚಿಲ್ಲರೆ. ಟೈನಿನ ಬುಡ ಸಪೂರವಾಗುತ್ತಾ ಹೋಗುವುದರಿಂದ, ಮೇಲೆ ಸ್ಪ್ರಿಂಗಿನ ಭಾರವೂ ಇರುವುದರಿಂದ ಲೆಕ್ಕ ಒರಟು, ಆದರೆ ಮೇಲಿನ ಆಕ್ಟೇವ್ ಯಾಕೆ ಎಲ್ಲರ ತಾಳ್ಮೆ ಕೆಡಿಸುತ್ತದೆ ಎನ್ನುವುದಕ್ಕೆ ಸಾಕು.

ಇಷ್ಟಾದ ಮೇಲೆ ಶ್ರುತಿಗೆ ಕೂರಬಹುದು. ಫೋನಿನ ಮೈಕ್ ನೆಚ್ಚಬೇಡಿ. ಪಿಯಾನೊದ ಔಟ್‌ಪುಟ್ಟನ್ನು ಆಡಿಯೊ ಇಂಟರ್‌ಫೇಸ್ ಮೂಲಕ ಸ್ಟ್ರೋಬ್ ಟ್ಯೂನರಿಗೆ ಕೊಡಿ; ವಾಲ್ಯೂಮ್ ಪೂರ್ತಿ, ಬೇಸ್ ಬೂಸ್ಟ್ ಕನಿಷ್ಠ. ಸ್ಪ್ರಿಂಗ್ ತಳ್ಳಲು ಮೂರು ಮಿಲಿಮೀಟರ್ ಅಗಲದ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ನಡೆಯುತ್ತದೆ, ಆದರೆ ಪಿಕಪ್ಪಿನ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಮೇಲಿನ ಎರಡು ಆಕ್ಟೇವ್‌ಗೆ ಹಿತ್ತಾಳೆಯದ್ದು, ಅಥವಾ ತುದಿಗೆ ಕಚ್ಚು ಹಾಕಿದ ಬಿದಿರಿನ ಕಡ್ಡಿ ವಾಸಿ. ಹಾರ್ಪ್ ಚಪ್ಪಟೆಯಾಗಿಯೇ ಇರಲಿ, ಎರಡೂ ಬದಿಯ ಸ್ಕ್ರೂ ಬಿಗಿದಿರಲಿ. ಟೋನ್ ಬಾರ್‌ಗಳ ನಡುವಿನಿಂದ ಕೆಳಗಿನ ಸ್ಪ್ರಿಂಗ್ ಸಿಗುತ್ತದೆ. ಹಾರ್ಪನ್ನು ಎತ್ತಿ ನಿಲ್ಲಿಸಿ ಟೈನುಗಳನ್ನು ಮೀಟುತ್ತಾ ಶ್ರುತಿ ಮಾಡುವುದು ಕೈಗೆ ಅನುಕೂಲ, ಆದರೆ ಕೊನೆಯ ಪರೀಕ್ಷೆಯನ್ನು ಹಾರ್ಪ್ ಇಳಿಸಿ, ಹ್ಯಾಮರಿನ ಹೊಡೆತದಲ್ಲೇ ಮಾಡಬೇಕಾಗುತ್ತದೆ.

ಎಡದಿಂದ 42ನೇ ಕೀ 440ರ ಎ. ಅಲ್ಲಿಂದ ಶುರುಮಾಡಿ. ಮಧ್ಯಮ ಒತ್ತಡದಲ್ಲಿ ಬಾರಿಸಿ, ಮೊದಲ ಅರ್ಧ ಸೆಕೆಂಡ್ ಬಿಟ್ಟು ಓದಿ. ಹೊಡೆದ ಕ್ಷಣದಲ್ಲಿ ಟೈನಿನ ಮೇಲ್ಸ್ವರಗಳು ಟ್ಯೂನರನ್ನು ದಾರಿ ತಪ್ಪಿಸುತ್ತವೆ. ಸ್ಪ್ರಿಂಗ್ ಸರಿಸಿದ ಮೇಲೆ ಉಪಕರಣವನ್ನು ಪೂರ್ತಿ ಹಿಂದೆ ತೆಗೆದೇ ಮತ್ತೆ ಬಾರಿಸಿ. ನಡುಭಾಗದಲ್ಲಿ ಒಂದು ಸೆಂಟ್ ಒಳಗೆ ತರುವುದು ಕಷ್ಟವಲ್ಲ. ಮೇಲಿನ ಆಕ್ಟೇವ್‌ನಲ್ಲಿ ಎರಡು ಮೂರು ಸೆಂಟ್ ಒಳಗೆ ಬಂದರೆ ಅಲ್ಲಿಗೇ ಕೈಬಿಡಿ. ಅಲ್ಲಿ ಸ್ಪ್ರಿಂಗನ್ನು ಸರಿಸುವುದಲ್ಲ, ತಟ್ಟುವುದು. ಕಣ್ಣಿಗೆ ಕಾಣುವಷ್ಟು ಕದಲಿದರೆ ಜಾಸ್ತಿಯಾಯಿತೆಂದೇ ಲೆಕ್ಕ. ಬೇಸ್ ಕಡೆ ಟ್ಯೂನರಿಗಿಂತ ಕಿವಿಗೆ ಹೆಚ್ಚು ಬೆಲೆ ಕೊಡಿ: ಕೆಳಗಿನ ಇ ಸ್ವರದಲ್ಲಿ ಒಂದು ಸೆಂಟ್ ಎಂದರೆ 0.024 ಹರ್ಟ್ಸ್, ಮೇಲ್ತುದಿಯ ಇ ಸ್ವರದಲ್ಲಿ ಒಂದೂವರೆ ಹರ್ಟ್ಸ್. ಕೆಳಗಿನದನ್ನು ಅದರ ಆಕ್ಟೇವ್ ಜೊತೆ ಒತ್ತಿ, ಅಲೆ ನಿಂತಿತೇ ಎಂದು ಕೇಳಿದರೆ ಸಾಕು.

ಮೇಲೆ ಸ್ವರ ಏರಿರುವ ಕಡೆ ಸ್ಪ್ರಿಂಗ್ ಈಗಾಗಲೇ ತುದಿಗೆ ಬಂದಿದ್ದರೆ ಟೈನನ್ನು ಹಿಂದೆ ಯಾರೋ ಗಿಡ್ಡ ಕತ್ತರಿಸಿದ್ದಾರೆ. ಒಂದೆರಡು ಸುತ್ತು ಹೆಚ್ಚಿರುವ, ಅಂದರೆ ಭಾರದ ಸ್ಪ್ರಿಂಗ್ ಹಾಕಿ. ಸ್ವರ ಇಳಿದಿದ್ದು ಸ್ಪ್ರಿಂಗ್ ಬ್ಲಾಕಿಗೆ ತಾಗುವಷ್ಟು ಒಳಗಿದ್ದರೆ, ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಹಗುರ ಮಾಡಿ. ಎಲ್ಲ ಸ್ವರಕ್ಕೂ ಒಂದೇ ಅಳತೆಯ ಸ್ಪ್ರಿಂಗ್ ಅಲ್ಲ, ಕೊಳ್ಳುವಾಗ ಬೇಸ್ ಮತ್ತು ಟ್ರೆಬಲ್ ಬೇರೆಬೇರೆ ಕೇಳಿ. ಸ್ಪ್ರಿಂಗಿನ ಬಾಲ ಪಿಕಪ್ಪಿಗೆ ತಾಗಿದರೆ ಜುಂಯ್ ಎನ್ನುತ್ತದೆ, ಅದನ್ನು ಬೇರೆ ಕಡೆ ತಿರುಗಿಸಿ. ಮೇಲಿನ ಸ್ವರ ಮರ ಬಡಿದಂತೆ ಟಕ್ ಎಂದಷ್ಟೇ ಕೇಳಿಸಿದರೆ ಅದು ಶ್ರುತಿಯ ಸಮಸ್ಯೆಯಲ್ಲ. ಹ್ಯಾಮರ್ ತಾಗುವ ಜಾಗ ತಪ್ಪಿದೆ. ಹಾರ್ಪಿನ ಬಲಬದಿಯ ಸ್ಕ್ರೂ ಸಡಿಲಿಸಿ, ಹಾರ್ಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ನಾದ ಅತಿ ಹೆಚ್ಚು ಹೊತ್ತು ಉಳಿಯುವ ಜಾಗದಲ್ಲಿ ಬಿಗಿಯಿರಿ. ಇದನ್ನು ಶ್ರುತಿಗೂ ಮೊದಲೇ ಮಾಡಿ.

ಅಕೂಸ್ಟಿಕ್ ಪಿಯಾನೊದಂತೆ ಮೇಲಿನದನ್ನು ತುಸು ಏರಿಸಿ, ಕೆಳಗಿನದನ್ನು ತುಸು ಇಳಿಸಿ ಹಿಗ್ಗಿಸಬೇಕೇ ಎಂಬ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಅಕೂಸ್ಟಿಕ್ ಪಿಯಾನೊದ ತಂತಿಯ ಮೇಲ್ಸ್ವರಗಳು ಸರಿಯಾದ ಗುಣಕಕ್ಕಿಂತ ಚೂರು ಏರಿರುತ್ತವೆ, ಅದಕ್ಕೆ ಹೊಂದಲು ಆಕ್ಟೇವ್ ಹಿಗ್ಗಿಸುತ್ತಾರೆ. ರೋಡ್ಸ್‌ನಲ್ಲಿ ಹೊಡೆತದ ಘಂಟೆದನಿ ಬೇಗ ಅಡಗಿ ಹೋಗುತ್ತದೆ. ಉಳಿಯುವ ಮೇಲ್ಸ್ವರಗಳನ್ನು ಹುಟ್ಟಿಸುವುದು ಪಿಕಪ್, ಅವು ನಿಖರವಾಗಿ ಎರಡು ಪಟ್ಟು, ಮೂರು ಪಟ್ಟು. ಹಾಗಾಗಿ ನೇರ ಸಮಶ್ರುತಿಯೇ ಸಾಕು. ಅಕೂಸ್ಟಿಕ್ ಪಿಯಾನೊ ಜೊತೆಗೇ ನುಡಿಸುವುದಿದ್ದರೆ ಮಾತ್ರ ಅದರ ಹಿಗ್ಗಿಗೆ ಹೊಂದಿಸಿಕೊಳ್ಳಿ.

432ರ ಆಸೆ ಬಿಡುವುದು ಒಳ್ಳೆಯದು. ಅದು ಪ್ರತಿ ಸ್ವರವನ್ನೂ ಸುಮಾರು 32 ಸೆಂಟ್ ಇಳಿಸುವ ಕೆಲಸ. 73 ಸ್ಪ್ರಿಂಗುಗಳೂ ತುದಿಯತ್ತ ಸರಿಯಬೇಕು, ಮೇಲಿನ ಕೆಲವು ಟೈನಿನಿಂದಲೇ ಹೊರಬೀಳುತ್ತವೆ. ಆಮೇಲೆ ಬೇರೆ ಯಾವ ವಾದ್ಯದ ಜೊತೆಗೂ ಸೇರುವುದಿಲ್ಲ. ಗಾಯಕರ ಶ್ರುತಿಗೆ ಹೊಂದಬೇಕೆಂದರೆ ಔಟ್‌ಪುಟ್ಟಿನಲ್ಲಿ ಪಿಚ್ ಬದಲಿಸುವ ಪೆಡಲ್ ಇಡಿ.

ಮೈಸೂರಿಗೆ ಸಾಗಿಸಲು 230 ವೋಲ್ಟಿನ ಚಿಂತೆ ಇಲ್ಲ. ಕರೆಂಟೇ ಬೇಡದ ವಾದ್ಯ. ಆಂಪ್ಲಿಫೈಯರ್ ಜೊತೆಗೇ ಬರುವ ಸೂಟ್‌ಕೇಸ್ ಮಾದರಿಯಾಗಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು. ಬಿಸಿಲಿಗೆ ಉಕ್ಕು ಚೂರು ಮೆತ್ತಗಾಗುತ್ತದೆ, ಹತ್ತು ಡಿಗ್ರಿಗೆ ಎರಡು ಸೆಂಟ್ ಆಸುಪಾಸು ಸ್ವರ ಇಳಿಯುತ್ತದೆ. ಎಲ್ಲ ಟೈನುಗಳೂ ಒಟ್ಟಿಗೇ ಇಳಿಯುವುದರಿಂದ ಕಿವಿಗೆ ತೊಂದರೆಯಿಲ್ಲ. ಕಾಡುವುದು ಮರ. ಒಣ ಚಳಿಗಾಲ ಕಂಡ ಮರ ಮಳೆಗಾಲದ ತೇವಕ್ಕೆ ಉಬ್ಬುತ್ತದೆ, ಕೀಗಳು ಕಚ್ಚಿಕೊಳ್ಳುತ್ತವೆ, ಸ್ಕ್ರೂಗಳ ಹಿಡಿತ ಬದಲಾಗುತ್ತದೆ. ವಾದ್ಯ ತಲುಪಿದ ಮೇಲೆ ಮೂರು ನಾಲ್ಕು ವಾರ ಹಾಗೇ ಬಿಟ್ಟು, ಹಾರ್ಪಿನ ಸ್ಕ್ರೂಗಳನ್ನು ಬಿಗಿದು, ಆಮೇಲೆ ಶ್ರುತಿಗೆ ಕೈಹಾಕಿ. ಪ್ಯಾಕ್ ಮಾಡುವ ಮೊದಲು ಹಾರ್ಪಿನ ಸ್ಕ್ರೂ ಬಿಗಿದು, ಸಾಲುಸಾಲಾಗಿ ಸ್ಪ್ರಿಂಗುಗಳ ಫೋಟೊ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ ಯಾವುದಾದರೂ ಕದಲಿದ್ದರೆ ಎಲ್ಲಿಂದ ಕದಲಿತು ಎಂದು ತಿಳಿಯುತ್ತದೆ. ಪೆಟ್ಟಿಗೆಯಲ್ಲೇ ಬಿಡಿಭಾಗಗಳೂ ಬರಲಿ: ನಾಲ್ಕೈದು ಕತ್ತರಿಸದ ಟೈನ್, ಬೇಸ್ ಮತ್ತು ಟ್ರೆಬಲ್ ಸ್ಪ್ರಿಂಗ್ ಹತ್ತತ್ತು, ಒಂದು ಸೆಟ್ ಗ್ರಾಮೆಟ್. ಇವನ್ನು ಆಮೇಲೆ ಒಂದೊಂದಾಗಿ ತರಿಸಿದರೆ ಸಾಗಣೆ ಮತ್ತು ಕಸ್ಟಮ್ಸ್ ಖರ್ಚೇ ಭಾಗದ ಬೆಲೆಯನ್ನು ಮೀರಬಹುದು.